ಒಂದು ಸುರಂಗ, ನಾಲ್ಕು ಪೀರಿಯಡ್: ಕಾಸರಗೋಡಿನ ಕನ್ನಡ ಶಾಲೆಯ ಪಾಠಗಳ ಬಗ್ಗೆ ಕೆಲವು ಮಾತು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನಗಿಂತ ಮುಂಚೆ ಮಾತಾಡಿದವರು ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಶಾಲೆಗಳ ಲೆಕ್ಕ ಹೇಳಿದರು, ಎಷ್ಟು ಉಳಿದಿವೆ, ಎಷ್ಟು ಮುಚ್ಚಿವೆ ಅಂತ. ನಾನು ಲೆಕ್ಕ ಹೇಳುವುದಿಲ್ಲ. ಶಾಲೆ ಉಳಿದರೆ ಅದರ ಒಳಗೆ ಏನು ಕಲಿಸುತ್ತೇವೆ, ಯಾವ ಮಾತಿನಲ್ಲಿ ಕಲಿಸುತ್ತೇವೆ ಅನ್ನುವುದು ನನ್ನ ವಿಷಯ. ಗಡಿ ಸರಿಯೋ ತಪ್ಪೋ, ಮಹಾಜನ ವರದಿ ಏನಾಯಿತು ಅನ್ನುವುದಕ್ಕೆ ಬೇರೆ ಗೋಷ್ಠಿಗಳು ಬೇಕಾದಷ್ಟು ಆಗಿವೆ, ಇನ್ನೂ ಆಗುತ್ತವೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಒಬ್ಬ ಮಗುವಿನ ಟೈಮ್‌ಟೇಬಲ್ ನೋಡಿ. ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ದೊಡ್ಡವರ ಜೀವನ ಬರುತ್ತದೆ. ವಿಜ್ಞಾನದಲ್ಲಿ ಬಂಡೆ, ನೀರು, ರಾಸಾಯನಿಕ ಬರುತ್ತದೆ. ಕನ್ನಡದಲ್ಲಿ ಕವಿತೆ. ಪರಿಸರಕ್ಕೆ ಕೆಲವು ಕಡೆ ಕ್ಲಬ್ಬು ಉಂಟು, ಜೂನ್ 5ಕ್ಕೆ ಒಂದು ಗಿಡ ಉಂಟು. ಈ ನಾಲ್ಕೂ ಬೇರೆ ಬೇರೆ ಗಂಟೆಗೆ ಹೊಡೆಯುವ ಬೆಲ್ಲು. ಆದರೆ ಆ ಮಗು ಮನೆಗೆ ಹೋಗಿ ಕುಡಿಯುವ ನೀರು ಇದೆಯಲ್ಲ, ಅದು ಬರುವ ದಾರಿಯಲ್ಲಿ ನಾಲ್ಕೂ ಒಟ್ಟಿಗೇ ಉಂಟು. ಗುಡ್ಡೆಗೆ ಅಡ್ಡಲಾಗಿ ಕೊರೆದ ಒಂದು ತೂತು ಅದು. ನಾವು ಅದಕ್ಕೆ ಸುರಂಗ ಅಂತೇವೆ. ಹೊರಗಿನವರಿಗೆ ಸುರಂಗ ಅಂದ ಕೂಡಲೇ ರೈಲೋ ಕೋಟೆಯೋ ನೆನಪಾಗುತ್ತದೆ. ಎಣ್ಮಕಜೆ, ಬಾಯಾರು, ಪೆರ್ಲ ಕಡೆಯವರಿಗೆ ಸುರಂಗ ಅಂದರೆ ನೀರು.

ಮುರಕಲ್ಲಿನ ಪಾಠ

ಮೊದಲು ಕಲ್ಲಿನಿಂದ ಶುರು ಮಾಡುವ. ಕಾಸರಗೋಡು 12 ಹೊಳೆ ಹರಿಯುವ ಜಿಲ್ಲೆ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹಾಗಿದ್ದೂ ಮಾರ್ಚ್ ಬಂದರೆ ನೀರಿಗೆ ತತ್ವಾರ. ಇದನ್ನು ಕೇಳಿದ ಬಯಲುಸೀಮೆಯವರು ನಗುತ್ತಾರೆ, ಅವರ ಮಳೆ ನಮ್ಮದಕ್ಕಿಂತ ತುಂಬ ಕಡಿಮೆ. ಕಾರಣ ನಮ್ಮ ಕಾಲ ಕೆಳಗಿನ ಮುರಕಲ್ಲು.

ಮುರಕಲ್ಲು ಆಗುವುದು ಹೀಗೆ. ಅಡಿಯಲ್ಲಿ ನೈಸ್, ಚಾರ್ನಕೈಟ್ ಮುಂತಾದ ಹಳೆಯ ಗಟ್ಟಿಬಂಡೆ ಉಂಟು. ಬಿಸಿ ಹವೆ, ನಾಲ್ಕು ತಿಂಗಳ ಜಡಿಮಳೆ, ಆಮೇಲೆ ಒಣಗಾಲ, ಇದೇ ಆಟ ಲಕ್ಷಾಂತರ ವರ್ಷ. ಮಳೆನೀರು ಇಳಿಯುತ್ತ ಬಂಡೆಯ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ಸಿಲಿಕಾದ ಬಹುಪಾಲೂ ಮೆಲ್ಲನೆ ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅವು ಆಮ್ಲಜನಕದ ಜೊತೆ ಸೇರಿ ಕೆಂಪಗೆ, ತೂತುತೂತಾಗಿ ಹೆಪ್ಪುಗಟ್ಟಿದ್ದೇ ಮುರಕಲ್ಲು. ಅಂದರೆ ಇದು ತುಕ್ಕು ಹಿಡಿದ ಬೆಟ್ಟ. ಅದರ ಕೆಳಗೆ ಮೆತ್ತಗಿನ ಶೇಡಿಮಣ್ಣು, ಅದಕ್ಕೂ ಕೆಳಗೆ ಒಡೆಯದ ಬಂಡೆ.

ಈ ಕಲ್ಲಿಗೆ ಒಂದು ವಿಚಿತ್ರ ಗುಣ. ನೆಲದೊಳಗಿರುವಾಗ ಕೊಡಲಿಯಲ್ಲಿ ಕಡಿದರೂ ಏಳುತ್ತದೆ, ಹೊರಗೆ ಬಂದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಮನೆಗೋಡೆ, ಬಾವಿಕಟ್ಟೆ, ಬೇಕಲದ ಕೋಟೆ ಎಲ್ಲ ನಿಂತದ್ದು ಇದೇ ಗುಣದ ಮೇಲೆ.

ಈಗ ಹೆಸರಿನ ವಿಷಯಕ್ಕೆ ಬರುವ, ಯಾಕೆಂದರೆ ನನ್ನ ವಾದದ ಬೇರು ಅಲ್ಲಿದೆ. ಪುಸ್ತಕದಲ್ಲಿ ಈ ಕಲ್ಲು ಲ್ಯಾಟರೈಟ್. ಮಕ್ಕಳು ಅದನ್ನು ಇಂಗ್ಲಿಷ್ ಪದ ಅಂತ ಬಾಯಿಪಾಠ ಮಾಡುತ್ತಾರೆ. ಆ ಪದ ಹುಟ್ಟಿದ್ದು ಎಲ್ಲಿ ಗೊತ್ತುಂಟಾ? ಈಸ್ಟ್ ಇಂಡಿಯಾ ಕಂಪೆನಿಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಹತ್ತಿರ ಈ ಕಲ್ಲನ್ನು ಗಮನಿಸಿದ. ಆಮೇಲೆ ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರ ದಾರಿಯಾಗಿ ಮಂಗಳೂರಿಗೆ ಹೋದ. 1807ರಲ್ಲಿ ಅವನ ಪುಸ್ತಕ ಬಂತು. ಇಲ್ಲಿಯ ಜನ ಇದನ್ನು ಇಟ್ಟಿಗೆಕಲ್ಲು ಅಂತ ಕರೆಯುತ್ತಾರೆ, ಆದ್ದರಿಂದ ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ‘ಲೇಟರ್’ ಎಂಬ ಪದದಿಂದ ಹೆಸರಿಡುವ ಅನ್ನುವುದು ಅವನ ತರ್ಕ. ಈಗ ಬ್ರೆಜಿಲ್, ಆಫ್ರಿಕ, ಆಸ್ಟ್ರೇಲಿಯಗಳ ಮಣ್ಣಿಗೂ ಅದೇ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅಂಗಾಡಿಪುರದಲ್ಲಿ ಒಂದು ಸ್ಮಾರಕವನ್ನೇ ಇಟ್ಟಿದೆ.

ಅಂದರೆ ಈ ಕರಾವಳಿಯ ಕೂಲಿಯವನೊಬ್ಬ ಆಡಿದ ಪದ ಲ್ಯಾಟಿನಿಗೆ ಅನುವಾದವಾಗಿ, ಜಗತ್ತು ಸುತ್ತಿ, ನಮ್ಮ ಮಕ್ಕಳ ಕೈಗೆ ಪರದೇಶದ ಪದವಾಗಿ ವಾಪಸು ಬಂದಿದೆ. ಪರೀಕ್ಷೆಯಲ್ಲಿ ಮಗು ಮುರಕಲ್ಲು ಅಂತ ಬರೆದರೆ ಮಾರ್ಕು ಕೊಡಬೇಕೋ ಬೇಡವೋ ಅಂತ ಮೌಲ್ಯಮಾಪಕರು ಯೋಚನೆ ಮಾಡಬೇಕಾಗುತ್ತದೆ. ನನಗೆ ಕೇಳಿದರೆ ಒಂದು ಮಾರ್ಕು ಜಾಸ್ತಿಯೇ ಕೊಡಬೇಕು.

ಸುರಂಗ ಹೇಗೆ ಕೆಲಸ ಮಾಡುತ್ತದೆ

ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಬೇಗ ಇಳಿಯುತ್ತದೆ, ಬೇಗ ಹರಿದೂ ಹೋಗುತ್ತದೆ. ಇಳಿಜಾರಾದ ನೆಲ, ಕಡಲು ಹತ್ತಿರ, ಹೊಳೆಗಳು ಗಿಡ್ಡ. ಗುಡ್ಡೆಯ ಮೇಲೆ ಬಾವಿ ತೋಡಿದರೆ ಆಳ ಹೋಗುತ್ತದೆ, ಗಟ್ಟಿಪದರ ಅಡ್ಡ ಬರುತ್ತದೆ. ಹಾಗಾಗಿ ಹಿಂದಿನವರು ಕೆಳಕ್ಕೆ ತೋಡುವುದರ ಬದಲು ಅಡ್ಡಕ್ಕೆ ತೋಡಿದರು. ಶೇಡಿಮಣ್ಣು ನೀರನ್ನು ಸುಲಭದಲ್ಲಿ ಬಿಡುವುದಿಲ್ಲ. ಅದರ ಮೇಲಿನ ತೂತುಕಲ್ಲಿನಲ್ಲಿ ನೀರು ನಿಂತು ಪಕ್ಕಕ್ಕೆ ಜಾರುತ್ತಿರುತ್ತದೆ. ಆ ಒರತೆಯನ್ನು ಹಿಡಿಯುವುದು ಸುರಂಗದ ಕೆಲಸ.

ಒಬ್ಬ ಆಳು ನಿಂತು ನಡೆಯುವಷ್ಟು ಎತ್ತರ, ಆರಡಿ ಸುಮಾರು. ಅಗಲ ಎರಡಡಿ, ಎರಡೂವರೆ ಅಡಿ. ಉದ್ದವನ್ನು ಕೋಲಿನಲ್ಲಿ ಹೇಳುವುದು, ಒಂದು ಕೋಲು ಅಂದರೆ ಎರಡೂವರೆ ಅಡಿ. ಕೆಲವು ಸುರಂಗ ಹತ್ತು ಕೋಲಿಗೇ ನೀರು ಕೊಡುತ್ತದೆ, ಕೆಲವು ಇನ್ನೂರು ಮುನ್ನೂರು ಮೀಟರ್ ಒಳಗೆ ಹೋಗುತ್ತವೆ, ನಡುವೆ ಕವಲು ಒಡೆಯುತ್ತವೆ. ಉದ್ದದ್ದಾದರೆ ಗಾಳಿಗೆ ಮೇಲಿಂದ ಒಂದು ಕಂಡಿ ಬಿಡಬೇಕು. ದೀಪ ಹಿಡಿದು ಒಳಗೆ ಹೋದವನು ದೀಪ ಮಂಕಾಯಿತು ಅಂದರೆ ಹೊರಗೆ ಬರುತ್ತಾನೆ. ಆಮ್ಲಜನಕ ಕಡಿಮೆ ಆದರೆ ಜ್ವಾಲೆ ಕುಗ್ಗುತ್ತದೆ ಅನ್ನುವ ಪಾಠವನ್ನು ನಾವು ಗಾಜಿನ ಜಾಡಿ ಮಗುಚಿ ಹಾಕಿ ತೋರಿಸುತ್ತೇವಲ್ಲ, ಅದೇ. ಇಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಪ್ರಯೋಗ. ಒಳಗಿನಿಂದ ಹೊರಕ್ಕೆ ಸಣ್ಣ ಇಳಿಜಾರು ಇಟ್ಟು ತೋಡುವುದರಿಂದ ನೀರು ತಾನಾಗಿ ಹರಿದು ಬರುತ್ತದೆ. ಅಡಿಕೆಮರದ ದಂಬೆಯೋ ಪೈಪೋ ಇಟ್ಟು ಅದನ್ನು ಹೊರಗಿನ ಕೆರೆಗೆ, ಟ್ಯಾಂಕಿಗೆ ಬಿಡುತ್ತಾರೆ. ಪಂಪ್ ಬೇಡ, ಕರೆಂಟ್ ಬೇಡ.

ವಿಜ್ಞಾನದ ಪೀರಿಯಡ್‌ಗೆ ಇದರಲ್ಲಿ ಎಷ್ಟು ಸಿಗುತ್ತದೆ ನೋಡಿ. ಫ್ರಾನ್ಸಿನ ದಿಜೊನ್ ಪೇಟೆಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟ ಎಂಜಿನಿಯರ್ ಹೆನ್ರಿ ಡಾರ್ಸಿ. ಮರಳು ತುಂಬಿದ ಕೊಳವೆಯಲ್ಲಿ ನೀರು ಬಿಟ್ಟು ಅಳೆದ. 1856ರಲ್ಲಿ ಬಂದ ಅವನ ಪುಸ್ತಕದ ಅನುಬಂಧದಲ್ಲಿ ಆ ಪ್ರಯೋಗ ಉಂಟು. (ಇಸವಿ ನೆನಪಿಡುವುದು ಕಾಸರಗೋಡಿನವರಿಗೆ ಸುಲಭ, ನಾವು ಕೇರಳಕ್ಕೆ ಸೇರಿದ ವರ್ಷಕ್ಕಿಂತ ಸರಿಯಾಗಿ ನೂರು ವರ್ಷ ಹಿಂದೆ.) ಅವನು ಕಂಡದ್ದು ಇಷ್ಟು: ನೀರು ಸೋರುವ ಪ್ರಮಾಣ ಮೂರು ಸಂಗತಿಗೆ ತಕ್ಕ ಹಾಗೆ ಏರುತ್ತದೆ. ಮಣ್ಣು ಎಷ್ಟು ಸಲೀಸಾಗಿ ನೀರು ಬಿಡುತ್ತದೆ, ಒಳಗಿನ ನೀರಿನ ಮಟ್ಟ ಎಷ್ಟು ಕಡಿದಾಗಿ ಇಳಿಯುತ್ತದೆ, ಎಷ್ಟು ವಿಸ್ತಾರದ ಮುಖದಿಂದ ಸೋರುತ್ತದೆ. ಸುರಂಗದವನು ಕವಲು ತೋಡುವುದು ಯಾಕೆ ಅಂತ ಕೇಳಿ, ಅವನು ಹೇಳುವುದು ಮೂರನೆಯದ್ದನ್ನೇ. ಬೇಸಿಗೆಯಲ್ಲಿ ನೀರು ಸಪೂರ ಆಗುವುದು ಯಾಕೆ ಅಂದರೆ ಎರಡನೆಯದ್ದು.

ಅಳೆಯುವುದಕ್ಕೂ ದೊಡ್ಡ ಸಲಕರಣೆ ಬೇಡ. ಒಂದು ಬಕೆಟ್, ಒಂದು ಗಡಿಯಾರ. ಉದಾಹರಣೆಗೆ 12 ಲೀಟರಿನ ಬಕೆಟ್ ತುಂಬಲು ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 6 ಲೀಟರ್, ದಿನಕ್ಕೆ 8,640 ಲೀಟರ್. ನೋಡಲು ಬೆರಳಿನಷ್ಟು ದಪ್ಪದ ನೀರು. ಮನೆಗೂ ಹಟ್ಟಿಗೂ ಸಾಕಾಗಿ ಮಿಕ್ಕುತ್ತದೆ. ತಿಂಗಳಿಗೊಮ್ಮೆ ಅಳೆದು ಗ್ರಾಫ್ ಹಾಕಿದರೆ ಡಿಸೆಂಬರಿನಿಂದ ಮೇ ತನಕ ಗೆರೆ ಹೇಗೆ ಇಳಿಯುತ್ತದೆ ಅಂತ ಮಕ್ಕಳಿಗೆ ಕಾಣುತ್ತದೆ. ಪಕ್ಕದಲ್ಲಿ ಬೋರ್‌ವೆಲ್ ಬಿದ್ದ ವರ್ಷದ ಗೆರೆಯೂ ಹಿಂದಿನ ವರ್ಷದ ಗೆರೆಯೂ ಒಂದೇ ಕಾಗದದ ಮೇಲೆ ಇದ್ದರೆ ಅಂತರ್ಜಲದ ಭಾಷಣ ಬೇಡ.

ಜೀವನಚರಿತ್ರೆಯ ಪಾಠವೂ ಇಲ್ಲೇ ಉಂಟು. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು, ಬಂಟ್ವಾಳ ತಾಲೂಕು, ಗಡಿಯ ಆಚೆಗೆ ಸ್ವಲ್ಪವೇ ದೂರ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸದವರು. ಸಿಕ್ಕಿದ ಬೋಳುಗುಡ್ಡೆಯ ತುಂಡು ಜಾಗಕ್ಕೆ ನೀರು ತರಲು ಹಗಲು ಕೂಲಿ ಮುಗಿಸಿ ಬಂದು, ದೀಪ ಇಟ್ಟುಕೊಂಡು ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗ ಬತ್ತಿಯೇ ಹೋಯಿತು. ನೋಡಿದವರು ನಗಾಡಿದರು. ಕೊನೆಗೆ ನೀರು ಸಿಕ್ಕಿತು, ತೋಟ ಆಯಿತು, 2022ರಲ್ಲಿ ಪದ್ಮಶ್ರೀ ಬಂತು. ಹಾಗೆಯೇ ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು, 650ಕ್ಕೂ ಮೇಲೆ ಭತ್ತದ ತಳಿ ಉಳಿಸಿದವರು, ಅವರಿಗೆ 2024ರಲ್ಲಿ. ಪದ್ಮಶ್ರೀ ಬಂದ ಮೇಲೆ ಪಾಠಕ್ಕೆ ಅರ್ಹತೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಗೆಲ್ಲುವ ಮೊದಲಿನ ಬತ್ತಿದ ಸುರಂಗಗಳೇ ನನಗೆ ಹೆಚ್ಚು ಮುಖ್ಯವಾದ ಪಾಠ ಅನ್ನಿಸುತ್ತದೆ. ನೀರು ಯಾಕೆ ಸಿಗಲಿಲ್ಲ, ಮುಂದಿನದನ್ನು ಎಲ್ಲಿ ಹಾಕಿದರು, ಯಾಕೆ ಅಲ್ಲಿ, ಅನ್ನುವುದು ವಿಜ್ಞಾನದ ಪ್ರಶ್ನೆ.

ಪರಿಸ್ಥಿತಿ ಮತ್ತು ಪರಿಸರ

ಇನ್ನು ಭಾಷೆಯ ಕಷ್ಟ. ಕೇರಳದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷಿನ ಜೊತೆ ಕನ್ನಡ, ತಮಿಳಿನಲ್ಲೂ ಬರುತ್ತವೆ. ಇದು ಸಣ್ಣ ಸಂಗತಿ ಅಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತಕ್ಕೆ ಹೇಳಿದ್ದನ್ನು ಮೀರಿ ಹೈಸ್ಕೂಲಿನ ತನಕ ಪುಸ್ತಕ ಸಿಗುತ್ತದೆ. ಕನ್ನಡ ಭಾಷಾ ಪುಸ್ತಕ ಬಿಟ್ಟರೆ ಉಳಿದವು ಅನುವಾದ. ಅನುವಾದ ಮಾಡುವವರು ಹೆಚ್ಚಾಗಿ ನಮ್ಮ ಅಧ್ಯಾಪಕರೇ, ಕೊಟ್ಟ ದಿನಗಳು ಕಡಿಮೆ. ಅವರನ್ನು ಟೀಕಿಸುವ ಉದ್ದೇಶ ನನಗಿಲ್ಲ. ಆದರೆ ಮಲಯಾಳ ಮತ್ತು ಕನ್ನಡದ ನಡುವೆ ಇರುವ ಒಂದು ಹೊಂಡದ ಬಗ್ಗೆ ಹೇಳಲೇಬೇಕು. ಎರಡೂ ಭಾಷೆ ಸಂಸ್ಕೃತದಿಂದ ಪದ ತಂದುಕೊಂಡವು, ಅರ್ಥ ಮಾತ್ರ ಬೇರೆ ಬೇರೆ ಇಟ್ಟುಕೊಂಡವು.

ಮಲಯಾಳದಲ್ಲಿ ಪರಿಸ್ಥಿತಿ ಅಂದರೆ ನಾವು ಪರಿಸರ ಅನ್ನುವುದು. ಕನ್ನಡದ ಮಗುವಿಗೆ ಪರಿಸ್ಥಿತಿ ಅಂದರೆ ಮನೆಯ ಪರಿಸ್ಥಿತಿ, ಹಣಕಾಸಿನ ಪರಿಸ್ಥಿತಿ. ಅನುವಾದಕರ ಕೈ ಒಂದು ಕಡೆ ಜಾರಿದರೆ ‘ಪರಿಸ್ಥಿತಿ ಸಂರಕ್ಷಣೆ’ ಅಂತ ಆಗುತ್ತದೆ, ಇದ್ದ ಪರಿಸ್ಥಿತಿಯನ್ನೇ ಕಾಪಾಡಿಕೊಂಡು ಹೋಗಿ ಅಂತ ಉಪದೇಶ ಮಾಡಿದ ಹಾಗೆ. ಮಲಯಾಳದ ರಸಾಯನಶಾಸ್ತ್ರದಲ್ಲಿ ಧಾತುವಿಗೆ ಮೂಲಕಂ ಅಂತಾರೆ. ಕನ್ನಡದಲ್ಲಿ ಮೂಲಕ ಅಂದರೆ ‘ಅದರಿಂದ, ಅದರ ಮುಖಾಂತರ’. ನಮ್ಮ ದ್ಯುತಿಸಂಶ್ಲೇಷಣೆ ಅಲ್ಲಿ ಪ್ರಕಾಶಸಂಶ್ಲೇಷಣಂ. ದ್ರಾವಣ ಅಲ್ಲಿ ಲಾಯನಿ. ಪ್ರಬಂಧ ಬರೆಯಿರಿ ಅನ್ನುವುದಕ್ಕೆ ಅಲ್ಲಿ ಉಪನ್ಯಾಸಂ, ನಾನು ಈಗ ಇಲ್ಲಿ ಕೂತು ಮಾಡುತ್ತಿರುವುದಕ್ಕೆ ನಮ್ಮಲ್ಲಿ ಉಪನ್ಯಾಸ. ತರಗತಿಯಲ್ಲಿ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದರೆ ಕಷ್ಟ ಎರಡು ಪಟ್ಟು. ಮಗು ಪುಸ್ತಕದಲ್ಲಿ ಒಂದು ಪದ ನೋಡುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ, ಎರಡೂ ಸಂಸ್ಕೃತ, ಎರಡೂ ಅರ್ಥವಾಗುವುದಿಲ್ಲ.

ಇದರ ಮೇಲೆ ಇನ್ನೊಂದು ಪದರ ಉಂಟು, ಅದನ್ನು ನಮ್ಮ ಸಭೆಗಳಲ್ಲಿ ಮೆಲ್ಲನೆ ದಾಟಿಸಿಬಿಡುತ್ತೇವೆ. ಈ ಮಕ್ಕಳಲ್ಲಿ ತುಂಬ ಮಂದಿಗೆ ಮನೆಮಾತು ಕನ್ನಡ ಅಲ್ಲ. ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ, ಕೆಲವರದ್ದು ಹವ್ಯಕ ಕನ್ನಡ. ಇವರೆಲ್ಲರಿಗೂ ಕನ್ನಡ ಶಾಲೆಯ ಮಾತು, ಯಕ್ಷಗಾನದ ಮಾತು, ಪತ್ರಿಕೆಯ ಮಾತು. ಕುಂಬಳೆಯ ಪಾರ್ತಿಸುಬ್ಬನ ಕಾಲದಿಂದ ಹಾಗೆಯೇ ನಡೆದು ಬಂದಿದೆ. ಕಾಸರಗೋಡಿನ ಕನ್ನಡ ನಿಂತದ್ದು ಮನೆಯ ಒಲೆಯ ಹತ್ತಿರಕ್ಕಿಂತ ಜಾಸ್ತಿ ಶಾಲೆಯ ಜಗಲಿಯಲ್ಲಿ. ಹಾಗಿರುವಾಗ ಶಾಲೆಯ ವಿಜ್ಞಾನ ಪಾಠ ಬಾಯಿಪಾಠದ ಸರಕಾದರೆ ಮಗು ಕಳೆದುಕೊಳ್ಳುವುದು ಒಂದು ವಿಷಯವನ್ನಲ್ಲ, ಕನ್ನಡದಲ್ಲಿ ಯೋಚನೆ ಮಾಡಬಹುದು ಅನ್ನುವ ನಂಬಿಕೆಯನ್ನು. ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ತಂದೆತಾಯಿಯನ್ನು ಬೈಯುವುದು ನ್ಯಾಯ ಅಲ್ಲ.

ತೋಡು, ಒರತೆ, ಮದಕ, ಕಟ್ಟ, ಶೇಡಿ ಇಂಥ ಪದಗಳು ತುಳುವಿನ ಮಗುವಿಗೂ ಗೊತ್ತು, ಬ್ಯಾರಿ ಮಗುವಿಗೂ ಗೊತ್ತು, ಉಚ್ಚಾರ ಸ್ವಲ್ಪ ಆಚೀಚೆ. ಗುಡ್ಡೆಯ ಮೇಲೆ ಮಳೆನೀರು ಇಂಗಲು ಬಿಡುವ ತಗ್ಗಿಗೆ ಮದಕ. ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಕಲ್ಲು ಮಣ್ಣಿನಿಂದ ಪ್ರತಿವರ್ಷ ಊರವರು ಹಾಕುವುದು ಕಟ್ಟ. ಏತಡ್ಕದಲ್ಲಿ ಸಾಲು ಸಾಲು ಕಟ್ಟಗಳಿದ್ದವು. ಅಂತರ್ಜಲ ಮರುಪೂರಣ ಅನ್ನುವ ಒಂಬತ್ತು ಅಕ್ಷರದ ಪದವನ್ನು ಮದಕದಿಂದ ಶುರು ಮಾಡಿ ಹೇಳಿದರೆ ಮಗು ತಾನೇ ಉಳಿದದ್ದನ್ನು ಹೇಳುತ್ತದೆ. ಅಡಿಕೆ ಪತ್ರಿಕೆ 1988ರಿಂದ ಮಾಡುತ್ತಾ ಬಂದದ್ದೂ ಹೆಚ್ಚುಕಡಿಮೆ ಇದನ್ನೇ. ರೈತರ ಕೈಗೆ ಪೆನ್ನು ಕೊಟ್ಟು ಅವರ ಪದದಲ್ಲೇ ತಂತ್ರಜ್ಞಾನ ಬರೆಸಿದರು. ಅದರ ಸಂಪಾದಕ ಶ್ರೀಪಡ್ರೆ ಇದೇ ಎಣ್ಮಕಜೆ ಸೀಮೆಯವರು. ಸುರಂಗ, ಕಟ್ಟ, ಮಳೆಕೊಯ್ಲಿನ ಬಗ್ಗೆ ಕನ್ನಡದಲ್ಲಿ ಮೊದಲು ದಪ್ಪಗೆ ಬರೆದವರು ಅವರು. ಮಳೆಕೊಯ್ಲು ಎಂಬ ಪದ ನೋಡಿ, ಎಷ್ಟು ಚಂದ ಉಂಟು.

ಗೋವಿಂದ ಪೈಗಳನ್ನು ಹೇಗೆ ಕಲಿಸುವುದು

ಮಂಜೇಶ್ವರ ಗೋವಿಂದ ಪೈ, 1883ರಿಂದ 1963. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟಿತು. ಹಲವು ಭಾಷೆ ಬಲ್ಲವರು. ಗೊಲ್ಗೊಥಾ, ವೈಶಾಖಿ ಬರೆದವರು. ಇಲ್ಲಿಗೆ ಪಾಠ ಮುಗಿಯಿತು, ಮಕ್ಕಳು ಇಸವಿ ಬರೆದುಕೊಂಡರು. ಇದೇ ನನ್ನ ತಕರಾರು. ಮಹಾಪುರುಷರ ಪಾಠ ಅಂದರೆ ಹುಟ್ಟು, ಬಿರುದು, ಸಾವು.

ಪೈಗಳು 1911ರಲ್ಲಿ ಪ್ರಾಸ ಬಿಟ್ಟರು. ಪ್ರತಿಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು ಅನ್ನುವುದು ಸಾವಿರ ವರ್ಷದ ಕಟ್ಟು. ಅದನ್ನು ಬಿಟ್ಟರೆ ಪದ್ಯವೇ ಅಲ್ಲ ಅನ್ನುವವರು ಆಗ ಇದ್ದರು. 28 ವರ್ಷದ ಯುವಕ ಬಿಟ್ಟ. ಯಾಕೆ ಬಿಟ್ಟ, ಬಿಟ್ಟದ್ದರಿಂದ ಏನು ಸಾಧ್ಯವಾಯಿತು ಅಂತ ಹತ್ತನೇ ತರಗತಿಯ ಮಕ್ಕಳಿಗೆ ಹೇಳಬಹುದು. ಪ್ರಾಸ ಇಟ್ಟು ನಾಲ್ಕು ಸಾಲು ಬರೆಯಿರಿ, ಬಿಟ್ಟು ನಾಲ್ಕು ಸಾಲು ಬರೆಯಿರಿ, ಎಲ್ಲಿ ಉಸಿರು ಕಟ್ಟುತ್ತದೆ ನೋಡಿ ಅನ್ನಬಹುದು.

ಅವರ ಇನ್ನೊಂದು ಮುಖ ಸಂಶೋಧಕರದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ, ಕ್ರಿ.ಶ. ಎರಡನೆಯ ಶತಮಾನದ ಬರಹ, 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಒಬ್ಬಳು ಗ್ರೀಕ್ ಹೆಣ್ಣಿನ ಕತೆ. ಅದರಲ್ಲಿ ಅರ್ಥವಾಗದ ಕೆಲವು ಮಾತುಗಳಿವೆ. ಅವು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸ ಸೂಚಿಸಿದ. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ, ತುಳು ಅಂದವರೂ ಇದ್ದಾರೆ, ಬರೀ ನಗೆಗಾಗಿ ಮಾಡಿದ ಗೊಣಗು ಅಂದವರೂ ಇದ್ದಾರೆ. ವಾದ ಮುಗಿದಿಲ್ಲ. ಮುಗಿಯದ ವಾದವನ್ನು ಮಕ್ಕಳ ಮುಂದೆ ಇಡಲು ನಾವು ಹೆದರುತ್ತೇವೆ, ಪರೀಕ್ಷೆಯಲ್ಲಿ ಯಾವ ಉತ್ತರ ಬರೆಯುವುದು ಅಂತ ಕೇಳುತ್ತಾರಲ್ಲ.

ಹಾಗೆ ನೋಡಿದರೆ ಸುರಂಗ ಎಂಬ ಪದವೂ ಪೈಗಳಿಗೆ ಇಷ್ಟವಾಗಬಹುದಾದ ಪದ. ಅರ್ಥಶಾಸ್ತ್ರದಲ್ಲಿ ಬರುವ ‘ಸುರುಂಗಾ’ ಗ್ರೀಕಿನ ‘ಸಿರಿಂಕ್ಸ್’ನಿಂದ ಬಂತು ಅನ್ನುವುದು ಪಂಡಿತರ ಒಂದು ಮತ. ಕೊಳಲಿಗೂ ಕೊಳವೆಯಂಥ ಪೊಳ್ಳಿಗೂ ಅವರಲ್ಲಿ ಅದೇ ಪದ, ಇಂಜೆಕ್ಷನ್ ಸಿರಿಂಜಿನ ಬೇರೂ ಅದೇ. ತಂತ್ರ ಎಲ್ಲಿಂದ ಬಂತು ಅನ್ನುವುದು ಬೇರೆ ಪ್ರಶ್ನೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಉಂಟು, ಪರ್ಷಿಯಾದ ಮಾದರಿ. ಅದು ಅರಸರು ಕಟ್ಟಿಸಿದ್ದು, ಪೇಟೆಗೆ ನೀರು ಒಯ್ಯುವುದು, ಉದ್ದಕ್ಕೂ ಸಾಲಾಗಿ ಕಂಡಿಬಾವಿಗಳು. ನಮ್ಮದು ಒಂದು ಮನೆ ಒಂದು ತೋಟದ ಸುರಂಗ, ಬಹುತೇಕ ಕಂಡಿಯೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಒಂದೇ, ಏನು ಬೇರೆ ಅಂತ ಮಕ್ಕಳಿಂದಲೇ ಬರೆಸಬಹುದು.

ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆ ಎರಡೇ ಮಾತು, ಸಮಯ ಕಡಿಮೆ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು, ನೂರು ತುಂಬಿಸಿ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರು, ಕೃಷಿಕರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರು, ಕವಿ. ನಾವು ಅವರ ಗಡಿ ಹೋರಾಟವನ್ನು ಮಾತ್ರ ಹೇಳುತ್ತೇವೆ. ಆತ್ಮಕತೆಗೆ ಅವರು ಇಟ್ಟ ಹೆಸರು ‘ದುಡಿತವೆ ನನ್ನ ದೇವರು’. ಹೋರಾಟದ ಹೆಸರು ಇಡಬಹುದಿತ್ತು, ಇಡಲಿಲ್ಲ.

ಗುಡ್ಡೆಯ ಮೇಲಿನ ಗೇರು

ಈಗ ಕಷ್ಟದ ಪಾಠ. ಸುರಂಗಕ್ಕೆ ನೀರು ಇಳಿಯುವುದು ಗುಡ್ಡೆಯಿಂದ. 1970ರ ದಶಕದ ಕೊನೆಯಿಂದ 2000ದ ತನಕ ಗುಡ್ಡೆಗಳ ಮೇಲಿನ ಸರಕಾರಿ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು, ಚಹಾ ಸೊಳ್ಳೆ ಎಂಬ ಕೀಟಕ್ಕೆ. ತೋಟ ಮೇಲೆ, ಮನೆಗಳು ಕೆಳಗೆ, ತೋಡು ಇನ್ನೂ ಕೆಳಗೆ. ಮುರಕಲ್ಲಿನ ಪಾಠ ಓದಿದ ಮಗುವಿಗೆ ಮುಂದಿನ ವಾಕ್ಯ ಹೇಳಿಕೊಡಬೇಕಾಗಿಲ್ಲ. ನೀರು ಇಳಿಯುವ ದಾರಿಯಲ್ಲಿ ಬೇರೆಯದ್ದೂ ಇಳಿಯಬಹುದು. ಎಂಡೋಸಲ್ಫಾನ್ ಕ್ಲೋರಿನ್ ಇರುವ ಸಾವಯವ ವಿಷ. ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣಿನ ಕಣಕ್ಕೆ, ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಒಡೆದು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ, ಅದೂ ವಿಷವೇ.

ವಿಜ್ಞಾನದ ವಿಧಾನ ಅಂದರೆ ಏನು ಅಂತ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. 1980ರ ಸುಮಾರಿಗೆ ಅಂಗವೈಕಲ್ಯದ ಕರುಗಳನ್ನು ಕಂಡು ಶ್ರೀಪಡ್ರೆ ಪತ್ರಿಕೆಗೆ ಬರೆದರು. ವಾಣೀನಗರದಲ್ಲಿ ಚಿಕಿತ್ಸಾಲಯ ಇಟ್ಟ ವೈದ್ಯ ವೈ. ಎಸ್. ಮೋಹನ ಕುಮಾರ್ ತನ್ನ ಹತ್ತಿರ ಬರುವ ರೋಗಿಗಳಲ್ಲಿ ಕೆಲವು ಕಾಯಿಲೆ ಲೆಕ್ಕಕ್ಕಿಂತ ಹೆಚ್ಚು ಕಾಣುತ್ತವೆ ಅಂತ ಗುರುತಿಸಿ, ಯಾಕೆ ಅಂತ ಕೇಳಿದರು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ಸಣ್ಣ ನೌಕರಿಯವರು, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಗಮನಿಸುವುದು, ಲೆಕ್ಕ ಇಡುವುದು, ಪ್ರಶ್ನೆ ಕೇಳುವುದು. ಆಮೇಲೆ ಹೋಲಿಕೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದರು. 2003ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಸಿಂಪಡಣೆಯ ಊರಿನ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದ್ದಾರೆ. ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರುವುದು ಕಂಡಿತು. ಅದೇ ಹೊತ್ತಿಗೆ ಕೇಂದ್ರದ ಇನ್ನೊಂದು ಸಮಿತಿ ಸಂಬಂಧ ಇಲ್ಲ ಅಂದಿತು. ಒಂದೇ ಊರು, ಎರಡು ವರದಿ. ಯಾರು ಏನನ್ನು ಅಳೆದರು, ಎಷ್ಟು ವರ್ಷ ಬಿಟ್ಟು ಅಳೆದರು, ಹೋಲಿಕೆಗೆ ಯಾರನ್ನು ಇಟ್ಟುಕೊಂಡರು, ಇದು ಮಕ್ಕಳು ಕೇಳಲು ಕಲಿಯಬೇಕಾದ ಪ್ರಶ್ನೆ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು.

ಬಾಧಿತ ಅಂತ ಗುರುತಿಸಿದ 11 ಪಂಚಾಯತುಗಳಲ್ಲಿ ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬಡಾಜೆ ಕನ್ನಡ ಶಾಲೆಗಳ ಊರುಗಳು. ತರಗತಿಯಲ್ಲಿ ಕೂತವರ ಮನೆಯಲ್ಲೇ ಮಲಗಿದ ಅಣ್ಣನೋ ಅಕ್ಕನೋ ಇರಬಹುದು. ಆದ್ದರಿಂದ ಈ ಪಾಠ ಹೇಳುವ ಅಧ್ಯಾಪಕರಿಗೆ ಒಂದು ಸಂಕೋಚ ಇರಲೇಬೇಕು. ಫೋಟೋ ತೋರಿಸಿ ಕಣ್ಣೀರು ತರಿಸುವುದನ್ನು ನಾನು ಒಪ್ಪುವುದಿಲ್ಲ. ಆ ಫೋಟೋಗಳನ್ನು ಜಗತ್ತು ಸಾಕಷ್ಟು ನೋಡಿ ಆಗಿದೆ. ನಕ್ಷೆ ಬಿಡಿಸಿ, ಗಾಳಿಯ ದಿಕ್ಕು ಬರೆಯಿರಿ, ತೋಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಗುರುತಿಸಿ, ಇಷ್ಟರಲ್ಲಿ ಪಾಠ ನಿಲ್ಲಲಿ.

ಪ್ರಶ್ನೋತ್ತರದಿಂದ

ಜತ್ತ ಕಡೆಯ ಒಬ್ಬ ಮಿತ್ರರು ಕೇಳಿದರು: ನಮ್ಮಲ್ಲಿ ಸುರಂಗವೂ ಇಲ್ಲ, ಮುರಕಲ್ಲೂ ಇಲ್ಲ, ನಾವೇನು ಮಾಡೂಣ್ರಿ?

ಸುರಂಗವೇ ಬೇಕಂತಿಲ್ಲ. ನಿಮ್ಮದು ಎರೆಮಣ್ಣು, ಕೆಳಗೆ ಜ್ವಾಲಾಮುಖಿಯ ಕಪ್ಪುಕಲ್ಲು. ನೀರು ನಿಲ್ಲುವುದು ಅದರ ಬಿರುಕಿನಲ್ಲಿ. ಜತ್ತ ತಾಲೂಕಿನ ಹಳ್ಳಿಗಳ ಹೆಸರು 2022ರ ಕೊನೆಗೆ ಪತ್ರಿಕೆಗಳಲ್ಲಿ ತುಂಬಿದ್ದೇ ನೀರಿನ ಕಾರಣಕ್ಕೆ. ಮಹಾರಾಷ್ಟ್ರದ ಬಾಲಭಾರತಿ ಪುಸ್ತಕವೂ ಕನ್ನಡದಲ್ಲಿ ಬರುತ್ತದೆ, ಅಲ್ಲಿ ಮರಾಠಿಯಿಂದ ಬಂದ ಪದಗಳ ಹೊಂಡ ಬೇರೆ ಇರುತ್ತದೆ. ಆ ಪಟ್ಟಿಯನ್ನು ನೀವೇ ಮಾಡಬೇಕು, ನನಗೆ ಕೂತಲ್ಲಿ ಆಗುವುದಿಲ್ಲ. ತಾಳವಾಡಿಯವರದ್ದು ತಮಿಳಿನ ಜೊತೆ, ಆದವಾನಿ, ಮಡಕಶಿರದವರದ್ದು ತೆಲುಗಿನ ಜೊತೆ.

ಇನ್ನೊಬ್ಬ ಅಧ್ಯಾಪಕರ ಪ್ರಶ್ನೆ: ಊರಿನ ಪದ ಕಲಿಸಿದರೆ ಮಗು ಮಂಗಳೂರಿನ ಕಾಲೇಜಿಗೆ ಹೋದಾಗ ಹಿಂದೆ ಬೀಳುವುದಿಲ್ಲವೇ?

ಎರಡೂ ಪದ ಕಲಿಯಲಿ. ನೋಟ್‌ಬುಕ್ಕಿನ ಹಾಳೆಯನ್ನು ಮೂರು ಮನೆ ಮಾಡಿ, ಮೊದಲನೆಯದರಲ್ಲಿ ಮುರಕಲ್ಲು, ಎರಡನೆಯದರಲ್ಲಿ ಜಂಬಿಟ್ಟಿಗೆ, ಮೂರನೆಯದರಲ್ಲಿ ಲ್ಯಾಟರೈಟ್. ಮಲಯಾಳದ ಚೆಂಗಲ್ಲು ಬೇಕಾದರೆ ನಾಲ್ಕನೆಯ ಮನೆ. ನಮ್ಮ ಮಕ್ಕಳಿಗೆ ನಾಲ್ಕು ಭಾಷೆ ಹೊರೆಯಾಗುವುದು ನಾಲ್ಕನ್ನೂ ಬೇರೆ ಬೇರೆ ಇಟ್ಟಾಗ.

ಕೊನೆಗೆ ಕೆಲಸದ ಮಾತು ಒಂದು. ಸುರಂಗದ ನೀರು ತೀರಾ ಸಪೂರ ಆಗುವುದು ಏಪ್ರಿಲ್ ಮೇ ತಿಂಗಳಲ್ಲಿ. ಕೇರಳದಲ್ಲಿ ಆಗ ಶಾಲೆಗೆ ರಜೆ. ಅಳತೆಗೆ ಅತಿ ಬೇಕಾದ ಎರಡು ತಿಂಗಳು ಅಧ್ಯಾಪಕರ ಕೈಯಲ್ಲಿ ಇಲ್ಲ. ಹಾಗಾಗಿ ಮಾರ್ಚಿನ ಪರೀಕ್ಷೆ ಮುಗಿದ ದಿನವೇ ಮಕ್ಕಳ ಕೈಗೆ ಪುಸ್ತಕ ಕೊಟ್ಟುಬಿಡಬೇಕು, ಪ್ರತಿ ಆದಿತ್ಯವಾರ ಬೆಳಿಗ್ಗೆ ಬಕೆಟ್ ಇಟ್ಟು ಸೆಕೆಂಡ್ ಬರೆದಿಡಲಿ. ಜೂನಿನಲ್ಲಿ ಶಾಲೆ ತೆರೆಯುವಾಗ ಮಳೆಯೂ ಬಂದಿರುತ್ತದೆ, ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತರಲು ಹೇಳಬೇಕು.